ಸಿನಿಮಾ ನೋಡಿ ನಿಜವಾಗಿಯೂ ಮನಸ್ಸು ಬೆಳೆಯುತ್ತಾ?

ಬೆಳೆಯುತ್ತದೆ. ಆದರೆ ನೋಡಿ ಸುಮ್ನೆ ಎದ್ದು ಹೋದರೆ ಅಷ್ಟೇನೂ ಇಲ್ಲ.

ಮನಸ್ಸಿನ ಬೆಳವಣಿಗೆಯ ಬಗ್ಗೆ ಮಾತಾಡುವ ಪಾಸಿಟಿವ್ ಸೈಕಾಲಜಿ ಅಂದರೆ ಸದಾ ನಗುತ್ತಾ ಇರುವುದಲ್ಲ. ಮನಸ್ಸಿನ ಕಾಯಿಲೆ ಮಾತ್ರವಲ್ಲ, ಅದರ ಶಕ್ತಿಯನ್ನೂ ಅಧ್ಯಯನ ಮಾಡಬೇಕು ಅಂತ 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಒತ್ತಿ ಹೇಳಿದರು. 2004ರಲ್ಲಿ ಅವರೂ ಕ್ರಿಸ್ಟೋಫರ್ ಪೀಟರ್‌ಸನ್ ಅವರೂ ಸೇರಿ ಧೈರ್ಯ, ಕರುಣೆ, ಛಲ, ಕೃತಜ್ಞತೆ ಹೀಗೆ 24 ಗುಣಗಳನ್ನು ಗುರುತಿಸಿದರು. ಓದಿದರೆ ಒಣ ಪದಗಳು. ತೆರೆಯ ಮೇಲೆ ಒಬ್ಬ ಮನುಷ್ಯ ಅದನ್ನೇ ಮಾಡಿ ತೋರಿಸಿದಾಗ ಒಳಗೆ ಇಳಿಯುತ್ತವೆ.

ನಮ್ಮದು ಮಡಿಕೇರಿ ಹತ್ತಿರ. ಹೋದ ವರ್ಷ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕಾಫಿ ಕಾಯಿ ಉದುರಿ, ಮೂರು ದಿನ ಕರೆಂಟೂ ಇರಲಿಲ್ಲ. ಕರೆಂಟ್ ಬಂದ ದಿನ ಅಜ್ಜಿ ಜೊತೆ 1972ರ 'ಬಂಗಾರದ ಮನುಷ್ಯ' ನೋಡಿದೆ. ರಾಜ್‌ಕುಮಾರ್ ಬಂಜರು ನೆಲ ಹಸನು ಮಾಡುವಾಗ ಅಜ್ಜಿ ನನ್ನ ಕಡೆ ತಿರುಗಿ, "ನೀನು ಉದುರಿದ್ದನ್ನೇ ಲೆಕ್ಕ ಹಾಕ್ತಾ ಕೂತಿದ್ದೀಯ" ಅಂದರು. ಚುಚ್ಚಿತು! ಮಾರನೇ ದಿನ ಕೊಡೆ ಹಿಡಿದು ತೋಟಕ್ಕೆ ಹೋದೆ, ಗಿಡದಲ್ಲಿ ಉಳಿದದ್ದನ್ನು ನೋಡೋಣ ಅಂತ.

ಸಿನಿಮಾದ ಕೊನೆಯಲ್ಲಿ ನಾಯಕ ಎಲ್ಲ ಬಿಟ್ಟು ಹೊರಟು ಹೋಗುತ್ತಾನಲ್ಲ, ಅದು ತ್ಯಾಗವೋ, ಸಿಟ್ಟೋ? ನಾವಿಬ್ಬರೂ ಇನ್ನೂ ಜಗಳ ಆಡುತ್ತೇವೆ. ನನಗೆ ಅನ್ನಿಸುವುದು, ಕಲಿಕೆ ಜಾಸ್ತಿ ಆಗುವುದು ಈ ಜಗಳದಲ್ಲೇ. ನೋಡಿದ ಮೇಲೆ ಯಾರ ಜೊತೆಗಾದರೂ ಹತ್ತು ನಿಮಿಷ ಮಾತಾಡಿ: ಯಾವ ಗುಣ ಇಷ್ಟವಾಯಿತು, ಅದನ್ನು ಈ ವಾರ ಎಲ್ಲಿ ಬಳಸಬಹುದು?

ತಿಂಗಳುಗಟ್ಟಲೆ ಮನಸ್ಸು ಕುಗ್ಗಿದ್ದರೆ ಮಾತ್ರ ಸಿನಿಮಾ ನಂಬಿ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.