ಅಟ್ಟದಲ್ಲಿ ಸಿಕ್ಕ ಇಂಗ್ಲಿಷ್ ಕಪ್ಪು-ಬಸಿ

ಪ್ರಶ್ನೆ: ಮಳೆಗಾಲಕ್ಕೆ ಮೊದಲು ನಮ್ಮ ಹಳೆಯ ಮನೆಯ ಅಟ್ಟವನ್ನು ಚೊಕ್ಕಟ ಮಾಡುವಾಗ, ಚಿನ್ನದ ಅಂಚಿನ ಐದು ಜೊತೆ ಪಿಂಗಾಣಿ ಕಪ್ಪು-ಬಸಿಗಳು ಸಿಕ್ಕಿವೆ. ತಳದಲ್ಲಿ ‘ಇಂಗ್ಲೆಂಡ್’ ಎಂಬ ಮುದ್ರೆಯಿದೆ. ಇವು ಎಷ್ಟು ಹಳೆಯವು? ಇವುಗಳಲ್ಲಿ ಚಹಾ ಕುಡಿಯಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹೊರದೇಶದ ಸರಕಿನ ಮೇಲೆ ಅದು ತಯಾರಾದ ನಾಡಿನ ಹೆಸರಿರಬೇಕೆಂದು ಅಮೆರಿಕದ 1890ರ ಸುಂಕ ಕಾಯ್ದೆ ವಿಧಿಸಿದ್ದರಿಂದ, 1891ರ ಸುಮಾರಿನಿಂದ ಇಂಗ್ಲಿಷ್ ಕಾರ್ಖಾನೆಗಳು ‘ಇಂಗ್ಲೆಂಡ್’ ಎಂಬ ಪದವನ್ನು ಎಲ್ಲೆಡೆ ಅಚ್ಚೊತ್ತತೊಡಗಿದವು. ನಿಮ್ಮ ಕಪ್ಪುಗಳು ಅದಕ್ಕಿಂತ ಹಿಂದಿನವಾಗಿರುವ ಸಂಭವ ಕಡಿಮೆ. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದವು.

ಒಂದು ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಹಿಂದೆ ಬೆರಳಾಡಿಸಿ ನೋಡಿ. ಬೆರಳಿನ ನೆರಳು ಕಂಡರೆ ಅದು ಬೋನ್ ಚೈನಾ ಆಗಿರಬಹುದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸ್ಟೋಕ್ ಪಟ್ಟಣದ ಜೋಸಯಾ ಸ್ಪೋಡ್ ಹದಕ್ಕೆ ತಂದ ಈ ಪಿಂಗಾಣಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಾಣಿಗಳ ಮೂಳೆಯ ಬೂದಿ, ಉಳಿದರ್ಧ ಬಿಳಿಜೇಡಿ ಮತ್ತು ಕಾರ್ನ್‌ವಾಲ್ ಪ್ರಾಂತದ ಕಲ್ಲಿನ ಪುಡಿ ಇರುತ್ತವೆ. ಮಡಿ-ಮೈಲಿಗೆ ಪಾಲಿಸುವ ಹಿರಿಯರು ಮನೆಯಲ್ಲಿದ್ದರೆ ಈ ಸಂಗತಿಯನ್ನು ಅವರಿಂದ ಮರೆಮಾಡಬಾರದು.

ಚಹಾ ಖಂಡಿತ ಕುಡಿಯಬಹುದು, ಆದರೆ ನಿತ್ಯದ ಬಳಕೆ ಬೇಡ. ಕಪ್ಪಿನ ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿದಾಗ ಗಂಟೆಯಂತೆ ನಾದ ಬರಬೇಕು. ಮಂದ ಸದ್ದು ಬಂದರೆ ಎಲ್ಲೋ ಸೀಳಿದೆ ಎಂದರ್ಥ, ಅದನ್ನು ಅಲಂಕಾರಕ್ಕಷ್ಟೇ ಇಡಿ. ಇಂಗ್ಲಿಷರು ಚಹಾ ಸೊಪ್ಪನ್ನು ಪಾತ್ರೆಯಲ್ಲಿ ನೆನೆಹಾಕಿ, ಕೆಲವು ನಿಮಿಷ ಬಿಟ್ಟು ಬಗ್ಗಿಸುತ್ತಾರೆ. ನಾವಾದರೋ ಹಾಲು, ಸಕ್ಕರೆ, ಸೊಪ್ಪು ಎಲ್ಲವನ್ನೂ ಒಟ್ಟಿಗೆ ಕುದಿಸಿ, ಕೊತಕೊತನೆ ಕುದಿಯುವುದನ್ನೇ ಸೋಸುತ್ತೇವೆ. ಆಷಾಢದ ಚಳಿಯಲ್ಲಿ ತಣ್ಣಗಾದ ತೆಳು ಪಿಂಗಾಣಿ ಆ ಬಿಸಿಗೆ ಸೀಳಬಹುದಾದ್ದರಿಂದ, ಮೊದಲು ಉಗುರುಬೆಚ್ಚಗಿನ ನೀರಿನಿಂದ ಕಪ್ಪನ್ನು ಗಲಬರಿಸಿಕೊಳ್ಳಿ. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದು. ಹುಳಿಗೆ ಅದು ಕರಗಿ ಬರಬಹುದಾದ್ದರಿಂದ ನಿಂಬೆ ಚಹಾ, ಪುನರ್ಪುಳಿ ಪಾನಕದಂಥ ಹುಳಿ ಪದಾರ್ಥಗಳನ್ನು ಹಾಕಲೇಬೇಡಿ.

ತೊಳೆಯುವಾಗ ಒಲೆಯ ಬೂದಿ, ತೆಂಗಿನ ನಾರು ಮುಟ್ಟಿಸಬೇಡಿ. ಒಂದೇ ಸಲಕ್ಕೆ ಚಿನ್ನದ ಗೆರೆ ಸವೆದುಹೋದ ಕಪ್ಪೊಂದನ್ನು ಕಂಡು ನಾನು ಮರುಗಿದ್ದೇನೆ. ಒಳಗಿನ ಚಹಾ ಕಲೆಗೆ ಅಡುಗೆ ಸೋಡಾ ಕಲಸಿ, ಅಂಚಿಗೆ ತಾಗದಂತೆ ಬೆರಳಿನಿಂದ ಸವರಿದರೆ ಸಾಕು. ಹಿಡಿಯನ್ನು ಬೇರೆಯಾಗಿ ಮಾಡಿ ಅಂಟಿಸಿರುವುದರಿಂದ ಅದೊಂದನ್ನೇ ಹಿಡಿದು ಎತ್ತದೆ, ಕಪ್ಪಿನ ಹೊಟ್ಟೆಗೆ ಕೈಕೊಟ್ಟು ತೊಳೆಯಿರಿ. ಒಂದರೊಳಗೊಂದು ಪೇರಿಸದೆ, ಬಸಿಗಳ ನಡುವೆ ಹತ್ತಿಬಟ್ಟೆ ಹಾಸಿ ಗಾಜಿನ ಕಪಾಟಿನಲ್ಲಿಡಿ. ಮತ್ತೆ ಅಟ್ಟಕ್ಕೆ ಏರಿಸಬೇಡಿ.