ಐದೂವರೆ ಇಂಚು ಸಾಲದಾದಾಗ

ಪ್ರಶ್ನೆ: ನನಗೆ 44 ವರ್ಷ, ಬ್ಯಾಂಕಿನಲ್ಲಿ ಕೆಲಸ. ದಿನಾ ವಿಜಯನಗರದಿಂದ ಇಂದಿರಾನಗರಕ್ಕೆ ಮೆಟ್ರೋದಲ್ಲಿ ಹೋಗಿ ಬರುತ್ತೇನೆ. ನಾಲ್ಕು ವರ್ಷದಿಂದ ನನ್ನ ಹತ್ತಿರ ನಿಂಟೆಂಡೊ ಸ್ವಿಚ್ ಲೈಟ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಸೆಟ್ಟು ಇದೆ. ಹೊಲ ಮಾಡುವ, ಊರು ಕಟ್ಟುವ ಗೇಮುಗಳೇ ನನಗಿಷ್ಟ. ಇತ್ತೀಚೆಗೆ ಅದರಲ್ಲಿನ ಸಣ್ಣ ಅಕ್ಷರ ಓದಲು ಆಗುತ್ತಿಲ್ಲ. ಅದೇ ಸಾಲಿನ, ಏಳು ಇಂಚು ಪರದೆಯ ಸ್ವಿಚ್ ಓಎಲ್ಇಡಿ ತೆಗೆದುಕೊಳ್ಳಲೇ? ಇಲ್ಲ, ಇನ್ನಷ್ಟು ದುಡ್ಡು ಕೂಡಿಸಿ ಅದರ ಮುಂದಿನ ತಲೆಮಾರಿನ ಸ್ವಿಚ್ 2ಕ್ಕೇ ಹೋಗಲೇ? ಹತ್ತು ವರ್ಷದ ಮಗಳಿದ್ದಾಳೆ. ಭಾನುವಾರ ಪಕ್ಕದಲ್ಲಿ ಕೂತು ಇಣುಕುತ್ತಿರುತ್ತಾಳೆ. ಚೆನ್ನಾಗಿರುವುದನ್ನು ಇಟ್ಟುಕೊಂಡು ಇನ್ನೊಂದು ಕೊಳ್ಳುವುದು ದುಂದು ಅಂತ ಮನೆಯಲ್ಲಿ ಮಾತು.
– ಓದುಗರೊಬ್ಬರು, ವಿಜಯನಗರ

ಉತ್ತರ: ನಿಮ್ಮ ಕಾಗದದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು 44 ಅನ್ನುವಲ್ಲಿ. ಮಾತ್ರೆ ಹಾಳೆಯ ಹಿಂದಿನ ಸಣ್ಣ ಅಕ್ಷರ ಓದುವಾಗ ಕೈ ತಾನಾಗಿ ದೂರ ಹೋಗುತ್ತದಾ? ಹೋಗುತ್ತಿದ್ದರೆ ಅದು ಚಾಳೀಸು. ನಲವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ಬಿಗಿಯಾಗುತ್ತಾ ಬರುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ನನಗೆ ಬಂದದ್ದು 42ಕ್ಕೆ. ಗೇಮಿಂಗ್ ಸೆಟ್ಟಿಗೆ ವಯಸ್ಸಾಯಿತು ಅಂತ ನಾನು ಆರು ತಿಂಗಳು ಅಂದುಕೊಂಡಿದ್ದೆ. ಆದ್ದರಿಂದ ಮೊದಲು ಕಣ್ಣು ತೋರಿಸಿ. ಓದುವ ಕನ್ನಡಕಕ್ಕೆ ಆಗುವ ಖರ್ಚು ಹೊಸ ಸೆಟ್ಟಿನ ಬೆಲೆಯ ಮುಂದೆ ತೀರಾ ಕಡಿಮೆ.

ಎರಡನೆಯದು ಪೂರ್ತಿ ಪುಕ್ಕಟೆ. ನಿಮ್ಮ ಲೈಟಿನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಅನ್ನುವ ಕಡೆ ಜೂಮ್ ಅಂತ ಒಂದಿದೆ. ಅದನ್ನು ಆನ್ ಮಾಡಿ. ಆಮೇಲೆ ಆಟದ ನಡುವೆ ಹೋಮ್ ಬಟನ್ ಎರಡು ಸಲ ಬೇಗಬೇಗ ಒತ್ತಿದರೆ ಪರದೆ ಹಿಗ್ಗುತ್ತದೆ. ಬೀಜದ ಬೆಲೆ, ಊರವರ ಮಾತು, ಎಲ್ಲವನ್ನೂ ಹಿಗ್ಗಿಸಿ ಓದಬಹುದು. ಇದು ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಂದು ವಾರ ಹೀಗೇ ಆಡಿ ನೋಡಿ.

ಇಷ್ಟಾದ ಮೇಲೂ ಕಷ್ಟ ಅನಿಸಿದರೆ ದೊಡ್ಡ ಪರದೆಯ ಮಾತಿಗೆ ಬರೋಣ. ಲೈಟಿನದು 5.5 ಇಂಚು, ಓಎಲ್ಇಡಿಯದು 7 ಇಂಚು. ಎರಡರಲ್ಲೂ ಚಿತ್ರ ಮೂಡಿಸುವ ಚುಕ್ಕೆಗಳು (ಪಿಕ್ಸೆಲ್) ಮಾತ್ರ ಅಷ್ಟೇ, 1280ಕ್ಕೆ 720. ಅಂದರೆ ದೊಡ್ಡ ಪರದೆಯಲ್ಲಿ ನಿಮ್ಮ ಹೊಲದ ಇನ್ನೊಂದು ಸಾಲು ಜಾಸ್ತಿ ಕಾಣುವುದಿಲ್ಲ. ಇದ್ದದ್ದೇ ದೊಡ್ಡದಾಗುತ್ತದೆ. ಲೈಟನ್ನು ಮುಖದಿಂದ 33 ಸೆಂಟಿಮೀಟರ್ ದೂರ ಹಿಡಿದಾಗ ಅಕ್ಷರ ಎಷ್ಟು ದೊಡ್ಡದಾಗಿ ಕಾಣುತ್ತದೋ, ಓಎಲ್ಇಡಿಯನ್ನು 42 ಸೆಂಟಿಮೀಟರ್ ದೂರ ಹಿಡಿದರೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ನೀವು ದುಡ್ಡು ಕೊಟ್ಟು ಕೊಳ್ಳುವುದು ಈ ಒಂಬತ್ತು ಸೆಂಟಿಮೀಟರ್, ಹೆಚ್ಚುಕಡಿಮೆ ಐದು ಬೆರಳಗಲ. ಚಾಳೀಸು ಬಂದ ಕಣ್ಣಿಗೆ ಐದು ಬೆರಳು ಸಣ್ಣ ವಿಷಯ ಅಲ್ಲವೇ ಅಲ್ಲ.

ಇದನ್ನು ನಾನು ಕಲಿತದ್ದು ಅಮ್ಮನಿಂದ. 2010ರಲ್ಲಿ ನನ್ನ ತಮ್ಮ ಅಮೆರಿಕದಿಂದ ಬರುವಾಗ ನಿಂಟೆಂಡೊ ಡಿಎಸ್ಐ ಎಕ್ಸ್ಎಲ್ ಅನ್ನುವ ಎರಡು ಪರದೆಯ ಗೇಮಿಂಗ್ ಸೆಟ್ಟು ತಂದಿದ್ದ. ಮಾಮೂಲಿ ಡಿಎಸ್ಐ ಆಗಲೇ ನನ್ನ ಹತ್ತಿರ ಇತ್ತು. ಅದರ ಪರದೆಗಳು 3.25 ಇಂಚು, ಇದರವು 4.2 ಇಂಚು. ಚುಕ್ಕೆಗಳ ಲೆಕ್ಕ ಅಲ್ಲೂ ಅಷ್ಟೇ, 256ಕ್ಕೆ 192. ಅದೇ ಚಿತ್ರವನ್ನು ಎಳೆದು ದೊಡ್ಡದು ಮಾಡಿದ್ದಾರೆ, ಅಂಚೆಲ್ಲ ಒರಟು ಒರಟು ಅಂತ ನಾನು ಮೂಗು ಮುರಿದೆ. ಅಮ್ಮ ಅದನ್ನು ಎತ್ತಿಕೊಂಡು ಬಸವನಗುಡಿ ಮನೆಯ ಬಾಲ್ಕನಿಯಲ್ಲಿ ಕೂತು ಸುಡೊಕು ಶುರು ಮಾಡಿದರು. ಪೇಪರಿನ ಸುಡೊಕುಗೆ ಅವರು ಭೂತಗನ್ನಡಿ ಹಿಡಿಯುತ್ತಿದ್ದರು. ಇದಕ್ಕೆ ಬೇಕಾಗಲಿಲ್ಲ. ಅಂಚು ಒರಟಾಗಿದೆ ಅಂತ ಅವರಿಗೆ ಒಂದು ದಿನವೂ ಅನ್ನಿಸಲಿಲ್ಲ. ಅಂಕಿ ಕಂಡಿತು, ಅಷ್ಟು ಸಾಕಿತ್ತು. ಆ ಸೆಟ್ಟು ಮತ್ತೆ ನನ್ನ ಕೈಗೆ ಬರಲೇ ಇಲ್ಲ.

ಆದರೆ ಅಮ್ಮ ಆಡಿದ್ದು ಬಾಲ್ಕನಿಯಲ್ಲಿ. ನೀವು ಆಡುವುದು ನೇರಳೆ ಮಾರ್ಗದಲ್ಲಿ. ಬೆಳಿಗ್ಗೆ ಒಂಬತ್ತರ ರೈಲಿನಲ್ಲಿ ಮೊಣಕೈ ಚಾಚಲು ಜಾಗ ಎಲ್ಲಿರುತ್ತದೆ ಹೇಳಿ. ದೂರ ಹಿಡಿಯಲು ಆಗದಿದ್ದರೆ ಆ ಐದು ಬೆರಳಿನ ಲಾಭ ಅಲ್ಲೇ ಅರ್ಧ ಹೋಯಿತು. ಎಂ.ಜಿ. ರಸ್ತೆ ಬರುತ್ತಿದ್ದಂತೆ ರೈಲು ನೆಲದಡಿಯಿಂದ ಮೇಲಕ್ಕೆ ಬರುತ್ತದಲ್ಲ, ಆ ಬಿಸಿಲಿನಲ್ಲಿ ಹೊಳಪು ಗಾಜಿನ ಮೇಲೆ ಕಿಟಕಿಯೇ ಕಾಣುತ್ತದೆ, ಪರದೆ ಎಷ್ಟು ದೊಡ್ಡದಾದರೂ. ತೂಕವನ್ನೂ ನೋಡಿ. ನಿಮ್ಮ ಲೈಟು 275 ಗ್ರಾಂ. ಓಎಲ್ಇಡಿ ಎರಡು ಪಕ್ಕದ ಕಂಟ್ರೋಲರ್ ಸೇರಿ 420 ಗ್ರಾಂ. ಸ್ವಿಚ್ 2 ಹಾಗೆಯೇ ಸೇರಿ 534 ಗ್ರಾಂ. ಫ್ರಿಜ್ಜಿನಿಂದ ನಂದಿನಿ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ ತೆಗೆದು ಎರಡು ಕೈಯಲ್ಲಿ ಎದೆ ಮಟ್ಟಕ್ಕೆ ಹಿಡಿದು ಇಪ್ಪತ್ತು ನಿಮಿಷ ಕೂತು ನೋಡಿ. ಸ್ವಿಚ್ 2 ಹಿಡಿದರೆ ಹೆಚ್ಚುಕಡಿಮೆ ಅದೇ ಭಾರ.

ಬರೀ ಮೆಟ್ರೋಗಾಗಿ ಅಂದಿದ್ದರೆ ಬೇಡ ಅಂತಲೇ ಬರೆಯುತ್ತಿದ್ದೆ. ನಿಮ್ಮ ಕಾಗದದಲ್ಲಿ ಮಗಳಿದ್ದಾಳೆ. ಅದಕ್ಕೇ ಓಎಲ್ಇಡಿ ತೆಗೆದುಕೊಳ್ಳಿ ಅನ್ನುತ್ತೇನೆ. ಲೈಟನ್ನು ಟಿವಿಗೆ ಹಾಕಲು ಬರುವುದಿಲ್ಲ, ಅದರ ಕಂಟ್ರೋಲರ್ ಬಿಚ್ಚಲೂ ಬರುವುದಿಲ್ಲ. ಓಎಲ್ಇಡಿ ಹಿಂದೆ ಅಗಲವಾದ ಸ್ಟ್ಯಾಂಡ್ ಇದೆ. ಊಟದ ಮೇಜಿನ ಮೇಲೆ ನಿಲ್ಲಿಸಿ, ಎರಡು ಕಂಟ್ರೋಲರ್ ಬಿಚ್ಚಿ, ಒಂದು ನಿಮಗೆ ಒಂದು ಅವಳಿಗೆ. ಟಿವಿಗೆ ಹಾಕುವ ಡಾಕ್ ಕೂಡ ಪೆಟ್ಟಿಗೆಯಲ್ಲೇ ಬರುತ್ತದೆ. ಈಗ ಅವಳು ನಿಮ್ಮ ಭುಜದ ಮೇಲಿಂದ ಇಣುಕುತ್ತಿದ್ದಾಳೆ. ಹತ್ತು ವರ್ಷದ ಮಗು ಅಪ್ಪ ಆಡುವುದನ್ನು ನೋಡಲು ತಾನಾಗಿ ಬಂದು ಕೂರುವ ಭಾನುವಾರಗಳು ಬಹಳ ವರ್ಷ ಇರುವುದಿಲ್ಲ. ಮನೆಯಲ್ಲಿ ದುಂದು ಅಂದವರಿಗೆ ಇದನ್ನೇ ಹೇಳಿ.

ಸ್ವಿಚ್ 2 ಕೆಟ್ಟದ್ದಲ್ಲ. 7.9 ಇಂಚು, 1920ಕ್ಕೆ 1080 ಚುಕ್ಕೆ, ಹಳೆಯ ಗೇಮುಗಳಲ್ಲಿ ಹೆಚ್ಚಿನವು ನಡೆಯುತ್ತವೆ. ಆದರೆ ಬ್ಯಾಟರಿ ಕಂಪನಿಯ ಲೆಕ್ಕದಲ್ಲೇ 2ರಿಂದ 6.5 ಗಂಟೆ. ಓಎಲ್ಇಡಿಗೆ 4.5ರಿಂದ 9. ಗೇಮು ತುಂಬಲು ನಿಮ್ಮ ಹಳೆ ಮೆಮೊರಿ ಕಾರ್ಡ್ ಅದಕ್ಕೆ ಆಗುವುದಿಲ್ಲ, ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಅನ್ನುವ ಬೇರೆ ಕಾರ್ಡೇ ಬೇಕು. ಹೊಲ ಮಾಡುವ ಗೇಮಿಗೆ ಅಷ್ಟೆಲ್ಲ ಶಕ್ತಿ ಬೇಡ ಅಲ್ವಾ? ಸ್ವಿಚ್ 2ಕ್ಕೆ ಮಾತ್ರ ಬಂದ ಯಾವುದಾದರೂ ಗೇಮು ಬೇಕೇ ಬೇಕು ಅಂತಿದ್ದರೆ ಮಾತು ಬೇರೆ.

ಕೊಳ್ಳುವಾಗ ಹುಷಾರು. ನಮ್ಮಲ್ಲಿ ಸಿಗುವುದು ಹೊರದೇಶದಿಂದ ತರಿಸಿದ ಮಾಲು. ಎಸ್.ಪಿ. ರಸ್ತೆ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಎರಡೂ ಕಡೆ ಸುತ್ತಿ, ಕನಿಷ್ಠ ಮೂರು ಅಂಗಡಿಯಲ್ಲಿ ಬೆಲೆ ಕೇಳಿ. ಗ್ಯಾರಂಟಿ ಎಷ್ಟು ತಿಂಗಳು ಅನ್ನುವುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬೇರೆ ಕಡೆಯ ಒಂದು ಅಂಗಡಿಯಲ್ಲಿ ನಾನು ಚಾರ್ಜರ್ ಕೊಂಡಿದ್ದೆ. ಆರು ತಿಂಗಳು ಅಂತ ಬಾಯಿಮಾತು. ನಾಲ್ಕನೇ ತಿಂಗಳಿಗೆ ಅದು ಕೈಕೊಟ್ಟಿತು. ಹೋಗಿ ಕೇಳಿದರೆ ಹಾಗೆ ಹೇಳಿಯೇ ಇಲ್ಲ ಅಂದರು. ಅವತ್ತು ಬಹಳ ಬೇಜಾರಾಯಿತು. ಇನ್ನೊಂದು ಮಾತು: ಸ್ವಿಚ್ 2ರಲ್ಲಿ ಜಪಾನಿಗೆ ಅಂತಲೇ ಮಾಡಿದ ಅಗ್ಗದ ಮಾಡೆಲ್ ಒಂದಿದೆ. ಅದರಲ್ಲಿ ಜಪಾನಿ ಭಾಷೆ ಬಿಟ್ಟು ಬೇರೆ ಬರುವುದಿಲ್ಲ, ಜಪಾನಿನ ಅಕೌಂಟು ಮಾತ್ರ ನಡೆಯುತ್ತದೆ. ಯಾರಾದರೂ ತುಂಬಾ ಕಡಿಮೆ ಬೆಲೆ ಹೇಳಿದರೆ ಪೆಟ್ಟಿಗೆ ತಿರುಗಿಸಿ ನೋಡಿ.

ಅಂಗಡಿಯವರು ಹಳೆಯದನ್ನು ಕೊಟ್ಟುಬಿಡಿ, ಬೆಲೆಯಲ್ಲಿ ಇಷ್ಟು ಕಳೆಯುತ್ತೇವೆ ಅಂದರೆ ಅಲ್ಲೇ ಕೊಡಬೇಡಿ. ನಾಲ್ಕು ವರ್ಷದ ನಿಮ್ಮ ಹೊಲ ಆ ಲೈಟಿನೊಳಗೇ ಇದೆ. ಎರಡೂ ಸೆಟ್ಟುಗಳನ್ನು ಮನೆಯಲ್ಲಿ ಅಕ್ಕಪಕ್ಕ ಇಟ್ಟು, ವೈಫೈಗೆ ಸೇರಿಸಿ, ಸೆಟ್ಟಿಂಗ್ಸ್‌ನಿಂದ ನಿಮ್ಮ ಬಳಕೆದಾರರ ಖಾತೆಯನ್ನು ಹೊಸದಕ್ಕೆ ದಾಟಿಸಬೇಕು. ಕೆಲವು ಗೇಮುಗಳು ಹೀಗೆ ದಾಟುವುದಿಲ್ಲ, ಅವಕ್ಕೆ ಬೇರೆ ದಾರಿ ಇರುತ್ತದೆ. ಒಂದೊಂದನ್ನೂ ಹೊಸದರಲ್ಲಿ ತೆರೆದು, ಬಿತ್ತಿದ ಪೈರು ಬಿತ್ತಿದಲ್ಲೇ ಇದೆಯಾ ಅಂತ ನೋಡಿ. ಆಮೇಲೂ ಲೈಟನ್ನು ಮಾರಬೇಡಿ ಅಂತಲೇ ನನ್ನ ಆಸೆ. ಬೆಳಗಿನ ಮೆಟ್ರೋಗೆ ಅದೇ ಸರಿ, ಕನ್ನಡಕದ ಜೊತೆಗೆ.