ಹದಿನಾರು ಗಂಟೆ ವಿಶ್ರಾಂತಿ, ನಾಲ್ಕು ಗಂಟೆ ನಿದ್ದೆ

ಓದುಗರ ಪತ್ರ: ನನ್ನ ಯಜಮಾನರು ಗೂಡ್ಸ್ ಗಾಡಿಯ ಲೋಕೋ ಪೈಲಟ್. ಡ್ಯೂಟಿ ಮುಗಿಸಿ ಬಂದ ಮೇಲೆ 16 ಗಂಟೆ ವಿಶ್ರಾಂತಿ ಇದೆ. "ಆಫೀಸಿಗೆ ಹೋಗೋರಿಗೂ ಅಷ್ಟೇ ತಾನೆ ಸಿಗೋದು" ಅಂತಾರೆ ನೆಂಟರು. ಆದರೆ ಇವರು ಮನೆಯಲ್ಲಿದ್ದಾಗಲೆಲ್ಲ ತೂಕಡಿಸುತ್ತಾರೆ, ಮಾತಾಡಿಸಿದರೆ ರೇಗುತ್ತಾರೆ. ಡ್ಯೂಟಿಗೆ ಕರೆಯುವ ಕಾಲ್ ಯಾವಾಗ ಬರುತ್ತದೋ ಎಂದು ಮಗಳ ಶಾಲೆಯ ಕಾರ್ಯಕ್ರಮಕ್ಕೂ ಒಪ್ಪಿಕೊಳ್ಳುವುದಿಲ್ಲ. ತೊಂದರೆ ಎಲ್ಲಿದೆ? ನಾವೇನು ಮಾಡಬಹುದು? - ಹೆಸರು ಬೇಡ, ಹೊಸಪೇಟೆ

ಸಂಪಾದಕರ ಉತ್ತರ:

ನಿಮ್ಮ ನೆಂಟರು ಗಂಟೆ ಎಣಿಸಿದ್ದಾರೆ, ಆ ಗಂಟೆಗಳು ದಿನದ ಯಾವ ಹೊತ್ತಿನಲ್ಲಿ ಬೀಳುತ್ತವೆ ಎಂದು ನೋಡಿಲ್ಲ. ಆಫೀಸಿನವರ 16 ಗಂಟೆಯೊಳಗೆ ಪ್ರತಿದಿನವೂ ಒಂದು ಪೂರ್ತಿ ರಾತ್ರಿ ಇರುತ್ತದೆ. ನಿಮ್ಮ ಯಜಮಾನರದರಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಬೆಳಿಗ್ಗೆ 10ಕ್ಕೆ ಸೈನ್ ಆಫ್ ಆಗಿ ಡ್ಯೂಟಿ ಮುಗಿಯಿತೆನ್ನಿ. ಮನೆಗೆ ಬಂದು, ಸ್ನಾನ, ಊಟ ಮುಗಿಸಿ ಮಲಗುವಾಗ 12. ಹಗಲು ಹೊತ್ತಿನಲ್ಲಿ ಮೈಯ ಕಾವು ಏರುತ್ತಿರುತ್ತದೆ, ಹಾಗಾಗಿ ಎಷ್ಟೇ ದಣಿದಿದ್ದರೂ ನಿದ್ದೆ ತೆಳು. ಹೊಸಪೇಟೆಯ ಬಿಸಿಲು, ಬೀದಿಯ ಗದ್ದಲ ಬೇರೆ. ಸಂಜೆ 4ಕ್ಕೆ ಎಚ್ಚರವಾಗುತ್ತದೆ. 16 ಗಂಟೆ ಮುಗಿಯುವುದು ರಾತ್ರಿ 2ಕ್ಕೆ. ಸೈನ್ ಆನ್‌ಗೆ, ಅಂದರೆ ಡ್ಯೂಟಿಗೆ ಹಾಜರಾಗುವುದಕ್ಕೆ, ಎರಡು ಗಂಟೆ ಮುಂಚೆ ಕಾಲ್ ಬರುವುದರಿಂದ 12ಕ್ಕೇ ಫೋನ್ ಹೊಡೆದುಕೊಳ್ಳುತ್ತದೆ. ಎಂಜಿನ್ ಹತ್ತುವಾಗಲೇ ಎದ್ದು ಹತ್ತು ಗಂಟೆಯಾಗಿದೆ. 9 ಗಂಟೆ ಗಾಡಿ ಓಡಿಸಿ ಇಳಿಯುವಷ್ಟರಲ್ಲಿ 19 ಗಂಟೆ. ಕಾಗದದ ಮೇಲೆ ಒಂದು ನಿಯಮವೂ ಮುರಿದಿಲ್ಲ.

12ಕ್ಕೆ ಕಾಲ್ ಬರುವುದು ಖಚಿತವಾಗಿದ್ದರೆ ಅವರು ರಾತ್ರಿ 8ಕ್ಕೆ ಇನ್ನೊಂದು ನಿದ್ದೆ ತೆಗೆಯುತ್ತಿದ್ದರು. ಆದರೆ ಕಾಲ್ ಬೆಳಗಿನ 8ಕ್ಕೂ ಬರಬಹುದು, ಮಧ್ಯಾಹ್ನಕ್ಕೂ ಬರಬಹುದು. ಎಕ್ಸ್‌ಪ್ರೆಸ್, ಪ್ಯಾಸೆಂಜರ್ ಗಾಡಿಗಳ ಸಿಬ್ಬಂದಿಗೆ ‘ಲಿಂಕ್’ ಇದೆ. ಯಾವ ದಿನ ಯಾವ ಗಾಡಿ ಎಂದು ಮೊದಲೇ ಗೊತ್ತು. ಗೂಡ್ಸ್ ಗಾಡಿ ಲೋಡ್ ಆದಾಗ ಹೊರಡುತ್ತದೆ, ದಾರಿ ಸಿಕ್ಕಾಗ ಮುಂದೆ ಹೋಗುತ್ತದೆ. ನಿಮ್ಮ ಕಡೆಯ ಅದಿರು, ಮೊರ್ಮುಗೋವಾ ಬಂದರಿನಿಂದ ತೋರಣಗಲ್ಲಿಗೆ ಬರುವ ಕಲ್ಲಿದ್ದಲು, ಎಲ್ಲದರ ಕಥೆಯೂ ಇದೇ. ಕುಳೆಂ–ಕ್ಯಾಸಲ್‌ರಾಕ್ ಘಾಟಿನ 37 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕು. ಅದಕ್ಕೆ ಕಾದದ್ದು, ಬೇರೆ ಗಾಡಿಗೆ ದಾರಿ ಬಿಡಲು ಲೂಪ್ ಲೈನಿನಲ್ಲಿ ನಿಂತದ್ದು ಎಲ್ಲ ಸೇರಿ ಮುಂದಿನ ಮೂರು ಜನರ ಕಾಲ್ ಹಿಂದೆ ಮುಂದೆ ಆಗುತ್ತದೆ. ಫೋನಿಗೆ ಕಿವಿಗೊಟ್ಟು ಮಲಗಿದವರಿಗೆ ಗಾಢ ನಿದ್ದೆ ಹತ್ತುವುದಿಲ್ಲ. ಅವರ ರೇಗಾಟಕ್ಕೆ ಇದು ಸಾಕಷ್ಟು ಕಾರಣ.

ಸುರಕ್ಷತೆಯ ಮಾತಿಗೆ ಬಂದರೆ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ. ನಮ್ಮ ರಸ್ತೆಗಳಲ್ಲಿ ವಾಹನ ಚಾಲಕರಿಗಿರುವ ಮಿತಿಯೇ 30 ಮಿ.ಗ್ರಾಂ. ಸಿಬ್ಬಂದಿ ಡ್ಯೂಟಿಗೆ ಹಾಜರಾಗುವ ಕಚೇರಿಯಲ್ಲಿ, ಅಂದರೆ ಲಾಬಿಯಲ್ಲಿ, ಊದಿಸುವ ಯಂತ್ರ ಮದ್ಯವನ್ನು ಹಿಡಿಯುತ್ತದೆ, ನಿದ್ದೆಗೇಡನ್ನಲ್ಲ. ಎಂಜಿನ್ನಿನಲ್ಲಿ ಚಾಲಕರ ಎಚ್ಚರ ಕಾಯುವ ವಿಜಿಲೆನ್ಸ್ ಸಾಧನ ಇದೆಯಲ್ಲ ಎನ್ನಬಹುದು. ಚಾಲಕರು ಏನನ್ನೂ ಆಡಿಸದೆ, ಎಚ್ಚರದ ಗುಂಡಿಯನ್ನೂ ಒತ್ತದೆ ಇದ್ದರೆ ಅದು 60 ಸೆಕೆಂಡು ಕಾದು, ಸುಮಾರು 8 ಸೆಕೆಂಡು ದೀಪ ಮಿನುಗಿಸಿ, ಮತ್ತೆ 8 ಸೆಕೆಂಡು ಬಜರ್ ಹೊಡೆದು, ಆಮೇಲೆ ಬ್ರೇಕ್ ಹಾಕುತ್ತದೆ. 60 ಕಿ.ಮೀ. ವೇಗದ ಗಾಡಿ ಅಷ್ಟರಲ್ಲಿ ಒಂದೂಕಾಲು ಕಿ.ಮೀ. ದಾಟಿರುತ್ತದೆ, ನಡುವೆ ಕೆಂಪು ಸಿಗ್ನಲ್ ಇದ್ದರೂ. ಅರೆನಿದ್ದೆಯಲ್ಲಿ ಕೈ ತಾನಾಗಿಯೇ ಆ ಗುಂಡಿ ಒತ್ತುವುದೂ ಉಂಟು. ರಾತ್ರಿ 2ರಿಂದ 6ರ ನಡುವೆ ಈ ಅಪಾಯ ಹೆಚ್ಚು.

ಕಾನೂನು ಇದನ್ನು ಕಾಣದೆ ಇಲ್ಲ. 1989ರ ರೈಲ್ವೆ ಕಾಯ್ದೆಯಂತೆ ಗಾಡಿ ಓಡಿಸುವ ಸಿಬ್ಬಂದಿಗೆ ತಿಂಗಳಿಗೆ 30 ಗಂಟೆಯ ನಾಲ್ಕು ಅಥವಾ 22 ಗಂಟೆಯ ಐದು ವಿರಾಮ, ಪ್ರತಿಯೊಂದರಲ್ಲೂ ಒಂದು ಪೂರ್ತಿ ರಾತ್ರಿ ಸೇರಿರಬೇಕು. ಜಗಳ ಇರುವುದು ಕೂಡುವ ಲೆಕ್ಕದಲ್ಲಿ. ಆಡಳಿತ 16 ಗಂಟೆಯನ್ನು ಈ 30ರೊಳಗೇ ಹಿಡಿಯುತ್ತದೆ; ನೌಕರರ ಸಂಘಟನೆ 16 ಮತ್ತು 30 ಸೇರಿ 46 ಕೊಡಿ ಎನ್ನುತ್ತದೆ. ಬೆಳಿಗ್ಗೆ 9ಕ್ಕೆ ಇಳಿದವರ 30 ಗಂಟೆ ಮರುದಿನ ಮಧ್ಯಾಹ್ನ 3ಕ್ಕೆ ಮುಗಿಯುತ್ತದೆ, ಅದರ ಮೊದಲ ಹಗಲು ಹಿಂದಿನ ರಾತ್ರಿಯ ನಿದ್ದೆಯ ಸಾಲಕ್ಕೇ ಹೋಗುತ್ತದೆ. ಈ ವಿಷಯದಲ್ಲಿ ಸಂಘಟನೆಯ ಲೆಕ್ಕವೇ ಸರಿ ಎಂದು ನಮಗೆ ಅನ್ನಿಸುತ್ತದೆ. ಆದರೆ ಅದಕ್ಕಿಂತ ಕಡಿಮೆ ಖರ್ಚಿನದು ಇನ್ನೊಂದಿದೆ: ಸಿಬ್ಬಂದಿಯನ್ನು ಗುಂಪು ಮಾಡಿ, ಈ ವಾರ ನಿಮಗೆ ಕಾಲ್ ಬಂದರೆ ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರೊಳಗೆ ಮಾತ್ರ ಎಂದು ಹೇಳಿಬಿಡುವುದು. ಮುಂದಿನ ವಾರ ಹೊತ್ತು ಬದಲಿಸುವಾಗ ಮುಂದಕ್ಕೇ ಸರಿಸಬೇಕು, ಬೆಳಗಿನಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ. ಹಿಂದಕ್ಕೆ ಸರಿಸಿದರೆ ದೇಹ ಒಗ್ಗುವುದು ಕಷ್ಟ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ, ಆದರೆ ಇದೆ. ರಾತ್ರಿ ಡ್ಯೂಟಿ ಮುಗಿಸಿ ಬಂದ ದಿನ ನಿದ್ದೆಯನ್ನು ಎರಡು ಪಾಲು ಮಾಡಿಕೊಳ್ಳಲಿ. ಬಂದ ತಕ್ಷಣ ನಾಲ್ಕೈದು ಗಂಟೆ, ಕಾಲ್ ಬರಲಿ ಬಿಡಲಿ ರಾತ್ರಿ 8ಕ್ಕೆ ಇನ್ನೊಂದೂವರೆ ಎರಡು ಗಂಟೆ. ಕಿಟಕಿಗೆ ಬೆಳಕು ತೂರದ ದಪ್ಪ ಪರದೆ ಹಾಕಿ. ಲಾಬಿಯ ಕಾಲ್ ಬರುವ ನಂಬರ್ ಒಂದೇ ಇರಲಿ, ಆ ಫೋನ್ ಸಾಧ್ಯವಾದರೆ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅವರು ಕಿವಿಗೊಟ್ಟು ಮಲಗುವುದು ತಪ್ಪುತ್ತದೆ. ಮಲಗುವ ಐದಾರು ಗಂಟೆ ಮುಂಚಿನಿಂದ ಕಾಫಿ-ಟೀ ಬೇಡ. ನಿದ್ದೆಯೇ ಆಗದ ದಿನ ಸೈನ್ ಆನ್ ಮಾಡುವ ಮೊದಲೇ ಲಾಬಿಯಲ್ಲಿ ಹೇಳಬೇಕು. ಕಿಲೋಮೀಟರ್ ಭತ್ಯೆ ತಪ್ಪುತ್ತದೆಂದು ಎಷ್ಟೋ ಜನ ಹೇಳುವುದಿಲ್ಲ, ಆ ತಿಂಗಳ ಮನೆ ಲೆಕ್ಕದಲ್ಲಿ ಅದಕ್ಕೆ ಜಾಗ ಬಿಟ್ಟುಕೊಳ್ಳುವುದು ನಿಮ್ಮಿಬ್ಬರ ಕೆಲಸ.

ಒಂದು ನೋಟ್‌ಬುಕ್ಕಿನಲ್ಲಿ ಕಾಲ್, ಸೈನ್ ಆನ್, ಸೈನ್ ಆಫ್, ಮಲಗಿದ್ದು, ಎದ್ದದ್ದು, ಈ ಐದು ಹೊತ್ತುಗಳನ್ನು ದಿನವೂ ಬರೆದಿಡಿ. ಎರಡು ತಿಂಗಳಾದ ಮೇಲೆ ಪೂರ್ತಿ ರಾತ್ರಿ ಇಲ್ಲದ ವಾರದ ವಿರಾಮಗಳಿಗೆ ಕೆಂಪು ಗುರುತು ಹಾಕಿ, ಅದರ ಪ್ರತಿಯನ್ನು ಸಂಘಟನೆಯ ಶಾಖೆಗೆ ಕೊಡಿ. ರೈಲ್ವೆ ನೌಕರರ ಕೆಲಸದ ಅವಧಿಯ ದೂರುಗಳನ್ನು ನೋಡುವುದು ಕೇಂದ್ರದ ಕಾರ್ಮಿಕ ಜಾರಿ ಅಧಿಕಾರಿಗಳು. ಅವರ ಮುಂದೆ "ತುಂಬಾ ಸುಸ್ತು" ಎಂಬ ಮಾತು ನಿಲ್ಲುವುದಿಲ್ಲ, ತಾರೀಕು ಮತ್ತು ಗಂಟೆ ನಿಲ್ಲುತ್ತವೆ.